ವಾಲ್ಜಿಯ ಲೆಕ್ಕಕ್ಕೆ ಕಂಸ

ಊರ ಹೆಸರು ಸೂರ್. ನನ್ನ ಕಚೇರಿಗೆ
ಅರ್ಧವೇ ಸೂರು, ಉಳಿದರ್ಧ ತಾಡಪಾಲು.
ಎದುರು ಅಳಿವೆ, ಅಳಿವೆಯ ದಂಡೆಗೆ
ಮರದ ಹಡಗೊಂದು ಎರಡು ವರ್ಷದಿಂದ
ಪಕ್ಕೆಲುಬು ತೋರಿಸಿಕೊಂಡು ಮಲಗಿದೆ.

ನನಗಿಂತ ಮುಂಚೆ ಇಲ್ಲಿ ಲೆಕ್ಕ ಬರೆದವನು
ಮಾಂಡ್ವಿಯ ವಾಲ್ಜಿ. ಬಿಟ್ಟುಹೋದದ್ದು
ಗುಂಡಿಯಿಲ್ಲದ ಅಂಗಿ, ಅರ್ಧ ಡಬ್ಬಿ ಬಡೇಸೊಪ್ಪು,
ಹಸಿರು ರಟ್ಟಿನ ಪುಸ್ತಕ. ಅದರ ತುಂಬ ಹೀಗೆ:

+ × 14 6 − 90 12

ಚಿಹ್ನೆಗಳೆಲ್ಲ ಮುಂದೆ ನಿಂತು ಕೈಚಾಚಿವೆ,
ಸಂಖ್ಯೆಗಳು ಹಿಂದೆ, ರೇಷನ್ ಸಾಲಿನ ಹಾಗೆ.
ಯಾರ ಕೈ ಯಾರಿಗೆಂದು ತಿಳಿಯದು.

ಹಿರಿಯ ಬಡಗಿ ಖಲ್ಫಾನ್ ನಕ್ಕ:
"ನಾನು ಹೇಳಿದ ಹಾಗೇ ಬರೆದಿದ್ದಾನೆ."
ಹೌದು, ಅವನ ಮಾತಿನಲ್ಲಿ ಕೆಲಸ ಮೊದಲು ಬರುತ್ತದೆ.
ಕೂಡಿಸು, ಅನ್ನುತ್ತಾನೆ;
ಏನೇನನ್ನು ಎಂದು ಆಮೇಲೆ ಗಡ್ಡ ಕೆರೆದುಕೊಳ್ಳುತ್ತಾನೆ.
ನಾವೋ, ಗಂಗೊಳ್ಳಿಯವರು.
ನನ್ನ ಅತ್ತೆ ಫೋನಿನಲ್ಲಿ,
"ಮೀನು ಮಾರ್ಕೆಟ್ಟಿನ ಹಿಂದಿನ ಮನೆಯ
ಜಾನಕಿಯ ತಮ್ಮ ಮೊನ್ನೆ ಕುಂದಾಪುರದಲ್ಲಿ..."
ಮದುವೆಯಾದನೋ, ಸತ್ತನೋ,
ವಾಕ್ಯ ಮುಗಿಯುವ ತನಕ ಉಸಿರು ಹಿಡಿದಿರಬೇಕು.

ಶಾಲೆಯಲ್ಲಿ ಬ್ರಾಕೆಟ್ಟಿಗೆ ಕಂಸ ಎನ್ನುತ್ತಿದ್ದರು.
"ಕಂಸದಲ್ಲಿರುವುದನ್ನು ಮೊದಲು ಬಿಡಿಸು!"
ಪಡಿಯಾರ್ ಮಾಸ್ಟ್ರ ಬೆತ್ತ ಮೇಜಿಗೆ ಬೀಳುತ್ತಿತ್ತು.
ನಾನು ದೇವಕಿಯನ್ನು ನೆನೆದು,
ಚಿಲಕ ತಾನೇ ಕಳಚುವ ಆ ರಾತ್ರಿಗಾಗಿ
ಸ್ಲೇಟಿನ ಮುಂದೆ ಕಾದು ಕೂತೆ.
ಐದು ಮಾರ್ಕು ಹೋಯಿತು.

ಈಗ, ಹಳೆಯ ಲ್ಯಾಪ್‌ಟಾಪಿನಲ್ಲಿ, ಆರೇ ಸಾಲು:

ಒಂದು ಪದ ಓದು.
ಸಂಖ್ಯೆಯಾದರೆ ಅದನ್ನೇ ಬರೆದು ಮನೆಗೆ ಹೋಗು.
ಚಿಹ್ನೆಯಾದರೆ ಕಂಸ ತೆರೆ, ಚಿಹ್ನೆ ಬರೆ,
ನಿನ್ನನ್ನೇ ಕರೆ,
ಇನ್ನೊಮ್ಮೆ ನಿನ್ನನ್ನೇ ಕರೆ,
ಕಂಸ ಮುಚ್ಚು.

ತನ್ನನ್ನು ತಾನೇ ಕರೆಯುವುದೆಂತು, ಖಲ್ಫಾನ್ ಕೇಳಿದ.
ಮರುದಿನ ಅಟ್ಟಣಿಗೆಯ ಮೇಲೆ ನಿಂತು
ಎಡದ ಪಕ್ಕೆಲುಬಿಗೆ ಬಲದ ಜೋಡಿ ಹುಡುಕುತ್ತ
"ಯಾ ಖಲ್ಫಾನ್, ಯಾ ಖಲ್ಫಾನ್" ಎಂದು ಗೊಣಗುತ್ತಿದ್ದವನು
ಅವನೇ.

(+ (× 14 6) (− 90 12))

ನೂರ ಅರವತ್ತೆರಡು ಉದ್ದ ಮೊಳೆ.
ಪೆಟ್ಟಿಗೆ ಸುರಿದು ಎಣಿಸಿದೆ: ನೂರ ಅರವತ್ತು.
ಎರಡು ಮೊಳೆಯ ಪಾಪ ಸಮುದ್ರಕ್ಕಿರಲಿ.
ಖಲ್ಫಾನನ ಕಣ್ಣು ಬಲದಿಂದ ಹೊರಟಿತು;
ನಾನು ಮುಚ್ಚಿದ್ದು ಅವನಿಗೆ ತೆರೆದ ಬಾಗಿಲು.
ನಡುವೆಲ್ಲೋ, ಆರರ ಹತ್ತಿರ, ಇಬ್ಬರೂ ಎದುರಾದೆವು.

ಹಾಗೆ ಪುಟ ಪುಟಕ್ಕೂ ಕಂಸ ತೊಡಿಸುತ್ತ
ಕೊನೆಯ ಪುಟಕ್ಕೆ ಬಂದರೆ

+ 40 × 7

ಯಂತ್ರ ಎರಡು ಕಂಸ ತೆರೆಯಿತು,
ಏಳು ಬರೆಯಿತು, ನಿಂತಿತು.
ಕರ್ಸರ್ ಮಿಟುಕುತ್ತಲೇ ಇತ್ತು.
ತಪ್ಪು ನನ್ನದೆಂದು ಆರು ಸಾಲನ್ನೂ ತಿರುಗಿ ಓದಿದೆ.
ತಪ್ಪಿರಲಿಲ್ಲ. ಬರಬೇಕಾದ ಒಂದು ಸಂಖ್ಯೆ
ಬಂದಿರಲಿಲ್ಲ.

ಖಲ್ಫಾನ್ ಉಳಿ ಕೆಳಗಿಟ್ಟ.
"ನಲವತ್ತು ರಿಯಾಲ್ ಹಳೇ ಬಾಕಿ. ಮೇಲೆ ಏಳು ತಿಂಗಳು.
ತಿಂಗಳಿಗೆ ಎಷ್ಟೆಂದು ಯಜಮಾನ
ಹಡಗು ನೀರಿಗಿಳಿದ ದಿನ ಹೇಳುತ್ತೇನೆಂದಿದ್ದ."
ಇಬ್ಬರೂ ಹಡಗಿನ ಕಡೆ ನೋಡಲಿಲ್ಲ.
"ನೀನೇ ಏನೋ ಒಂದು ಹಾಕಿ ಮುಚ್ಚಿಬಿಡು."

ಸೊನ್ನೆ ಒತ್ತಿದ್ದರೂ ಆಗುತ್ತಿತ್ತು.
ಯಂತ್ರಕ್ಕೆ ಸೊನ್ನೆಯೂ ಒಂದು ಸಂಖ್ಯೆ;
ಎರಡು ಕಂಸ ಟಪಟಪ ಮುಚ್ಚಿಕೊಂಡು
ಲೆಕ್ಕ ಚೊಕ್ಕವಾಗುತ್ತಿತ್ತು.
ಒತ್ತಲಿಲ್ಲ. ಹಾಗೇ ತೆರೆದಿಟ್ಟು,
ನನ್ನದೇ ಪುಸ್ತಕದ ಕೊನೆಯ ಪುಟ ತಿರುವಿದೆ.
ನನಗಿದು ಮೂರನೇ ತಿಂಗಳು.
3 ಎಂದು ಬರೆದೆ,
ಒಂದು ಬೆರಳಿನಷ್ಟು ಜಾಗ ಬಿಟ್ಟೆ,
ನಮ್ಮೂರವರ ಹಾಗೆ ಚಿಹ್ನೆಯನ್ನು ಕೊನೆಗೆ
×